ಆಮೆಯ ಪೆಟ್ಟಿಗೆಗೆ ನಾನು ಹಾಕಿದ ದೀಪ

ಆ ಬೆಂಕಿ ಶಾಹೀನಳ ಲೋಬಾನದ ಕೆಂಡದಿಂದ ಹತ್ತಿದ್ದಲ್ಲ. ನಾನು ಕಟ್ಟಿಕೊಟ್ಟ ಆಮೆಯ ಪೆಟ್ಟಿಗೆಯಿಂದ, ನಾನೇ ಸಿಕ್ಕಿಸಿದ ದೀಪದಿಂದ ಹತ್ತಿದ್ದು. ಅದು ನನಗೆ ಆ ಸಂಜೆಯೇ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ — ಅಲ್ಲ, ಇದೂ ಪೂರ್ತಿ ನಿಜವಲ್ಲ. ಬಾಯಿ ಬಿಟ್ಟೆ. ಒಂದು ಮಾತು ಆಡಿದೆ. ಆ ಮಾತಿಗಿಂತ ಸುಮ್ಮನಿದ್ದಿದ್ದರೇ ಎಷ್ಟೋ ವಾಸಿಯಿತ್ತು.

ನಾನು ನಾಗರಾಜ. ಲಿಂಗರಾಜಪುರ ಇನ್ನೂ ಹಳ್ಳಿಯಾಗಿದ್ದಾಗ ನಮ್ಮ ತಾತ ರಾಗಿ ಬೆಳೆಯುತ್ತಿದ್ದ ಜಾಗದಲ್ಲೇ ನನ್ನ ಮನೆ ಇದೆ. ವಿಮಾನಪುರದ ಕಡೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದೆ. ಹೆಂಡತಿ ತೀರಿಕೊಂಡ ಮೇಲೆ ಕೆಳಗಿನ ಮನೆಯಲ್ಲಿ ನಾನೊಬ್ಬನೇ. ಮೇಲಿನ ಮನೆಯಲ್ಲಿ ಬಾಡಿಗೆಗೆ ಇಮ್ರಾನನ ಸಂಸಾರ. ಅವನಿಗೆ ಶಿವಾಜಿನಗರದಲ್ಲಿ ಚಪ್ಪಲಿ ಅಂಗಡಿ. ಹೆಂಡತಿ ಶಾಹೀನ್, ಇನ್ನೂ ಶಾಲೆಗೆ ಸೇರದ ಮಗಳು ಆಯೆಷಾ, ಮತ್ತೆ ಇಮ್ರಾನನ ತಾಯಿ. ಆ ತಾಯಿಯನ್ನು ನಮ್ಮ ಬೀದಿಯವರೆಲ್ಲ ಅಮ್ಮೀ ಅಂತಲೇ ಕರೆಯುತ್ತಿದ್ದರು; ನಾನೂ ಹಾಗೇ ಕರೆಯುತ್ತಿದ್ದೆ. ಮಂಡಿನೋವಿನಿಂದ ಆಕೆ ಮಂಚ ಬಿಟ್ಟು ಏಳುವುದು ಕಷ್ಟವಾಗಿತ್ತು. ಉಬ್ಬಸ ಬೇರೆ.

ಆಮೆ ಅಮ್ಮೀಯದು. ಚಿಂತಾಮಣಿ ಕಡೆಯ ತವರಿನಿಂದ ಯಾರೋ ತಂದುಕೊಟ್ಟ ನಕ್ಷತ್ರ ಆಮೆ. ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳು ನಕ್ಷತ್ರದ ಹಾಗೆ ಬಿಚ್ಚಿಕೊಂಡಿರುತ್ತವಲ್ಲ, ಅಂಥದ್ದು. ಅದಿದ್ದರೆ ಮನೆಗೆ ಬರಕತ್, ಏಳಿಗೆ ಅಂತ ಅಮ್ಮೀ ನಂಬಿದ್ದರು. ಅಂಥ ಆಮೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ ಅಂತ ಇಮ್ರಾನನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಇಬ್ಬರೂ ಗೊತ್ತಿಲ್ಲದವರ ಹಾಗೆ ಇದ್ದೆವು. ಈ ಕಥೆಯಲ್ಲಿ ಮೊದಲು ಮುಚ್ಚಿಟ್ಟದ್ದು ಅದನ್ನೇ. ಎರಡನೆಯದನ್ನು ಮುಚ್ಚಿಡಲು ಅದೇ ನನಗೆ ಅನುಕೂಲವಾಯಿತು.

ಮೊದಲು ಆಮೆ ಟೆರೇಸಿನ ಮೇಲೆ ತನ್ನ ಪಾಡಿಗೆ ಓಡಾಡಿಕೊಂಡಿತ್ತು. ಆಮೇಲೆ ಪಕ್ಕದ ಸೈಟಿನಲ್ಲಿ ದೊಡ್ಡ ಬಿಲ್ಡಿಂಗ್ ಎದ್ದಿತು. ನಮ್ಮ ಟೆರೇಸಿಗೆ ಬರುತ್ತಿದ್ದ ಬಿಸಿಲೂ ಹೋಯಿತು, ಆ ಬಿಲ್ಡಿಂಗಿನ ಕಿಟಕಿಗಳೆಲ್ಲ ನಮ್ಮ ಕಡೆಗೇ ತೆರೆದುಕೊಂಡವು. ಧನುರ್ಮಾಸದ ಚಳಿಯಲ್ಲಿ ಆಮೆ ಸೊಪ್ಪು ಮೂಸುವುದನ್ನೂ ಬಿಟ್ಟು ಒಂದು ಮೂಲೆ ಹಿಡಿಯಿತು. ಪ್ರಾಣಿಗಳ ಡಾಕ್ಟರೊಬ್ಬರನ್ನು ಇಮ್ರಾನ್ ಗುಟ್ಟಾಗಿ ವಿಚಾರಿಸಿದ. ಮನೆಯೊಳಗೇ ಒಂದು ಪೆಟ್ಟಿಗೆ ಮಾಡಿ, ಒಂದು ತುದಿ ಬೆಚ್ಚಗೆ ಇನ್ನೊಂದು ತುದಿ ತಣ್ಣಗೆ ಇರುವ ಹಾಗೆ ದೀಪ ಹಾಕಿ ಅಂದರಂತೆ. ಅಂಗಡಿಯಲ್ಲಿ ಸಿಗುವ ಗಾಜಿನ ಪೆಟ್ಟಿಗೆಯ ಬೆಲೆ ಕೇಳಿ ಅವನು ಸುಮ್ಮನೆ ಬಂದಿದ್ದ.

“ಅದಕ್ಯಾಕಪ್ಪ ಅಷ್ಟು ದುಡ್ಡು ಸುರೀತೀಯ? ನಾನು ಮಾಡ್ಕೊಡ್ತೀನಿ,” ಅಂದೆ.

ಇದ್ದ ಸಾಮಾನಿನಲ್ಲೇ ಏನನ್ನಾದರೂ ಮಾಡಿ ತೋರಿಸುವುದು ನನ್ನ ಜಂಬ. ನಾಲ್ಕು ಜನ “ನಾಗರಾಜ್ ಅಂಕಲ್ ಕೈ ಅಂದ್ರೆ ಕೈ” ಅಂದರೆ ನನಗೆ ಹೊಟ್ಟೆ ತುಂಬುತ್ತಿತ್ತು. ಹಳೆಯ ಮರದ ಷೋಕೇಸ್ ಒಂದಿತ್ತು. ಗಾಜು ಬಿಚ್ಚಿ, ಒಳಗಿನ ಹಲಗೆಗಳನ್ನು ಕಿತ್ತು, ಅಂಗಾತ ಮಲಗಿಸಿದೆ. ತಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಸಿ, ಅದರ ಮೇಲೆ ಮಣ್ಣು, ಮರಳು, ತೆಂಗಿನ ನಾರಿನ ಪುಡಿ ಬೆರೆಸಿ ತುಂಬಿದೆ. ಒಡೆದ ಹೂಕುಂಡವನ್ನು ಅರ್ಧ ಹೂತು ಆಮೆಗೆ ಗವಿ ಮಾಡಿದೆ. ನೀರಿಗೆ ಕುಂಡದ ಕೆಳಗಿಡುವ ಮಣ್ಣಿನ ತಟ್ಟೆ. ಇಲ್ಲಿಯವರೆಗೆ ಯಾವ ತಪ್ಪೂ ಇರಲಿಲ್ಲ. ಚೆನ್ನಾಗಿಯೇ ಇತ್ತು.

ಬಿಸಿ ಆರಿಹೋಗದಿರಲಿ ಅಂತ ಒಳಗಿನ ಗೋಡೆಗೆಲ್ಲ ಥರ್ಮಾಕೋಲ್ ಅಂಟಿಸಿದೆ — ಟಿ.ವಿ. ಡಬ್ಬದಲ್ಲಿ ಬಂದಿದ್ದದ್ದು. ಬಲ್ಬನ್ನು ಶಿವಾಜಿನಗರದಲ್ಲಿ ಕೊಂಡೆ. ಅಂಗಡಿಯವನು ಕಟ್ಟಿಕೊಡುತ್ತಾ, “ಇದು ಭಾಳ ಬಿಸಿ ಆಗುತ್ತೆ ಸಾರ್, ಪಿಂಗಾಣಿ ಹೋಲ್ಡರ್‌ಗೇ ಹಾಕ್ಬೇಕು. ಕೊಡ್ಲಾ?” ಅಂದ.

“ಮನೇಲಿದೆ,” ಅಂದೆ.

ಮನೆಯಲ್ಲಿ ಇದ್ದದ್ದು ಹಳೆಯ ಟೇಬಲ್ ಲ್ಯಾಂಪಿನ ಪ್ಲಾಸ್ಟಿಕ್ ಹೋಲ್ಡರ್, ಅದರ ಸಡಿಲು ಕ್ಲಿಪ್ ಸಮೇತ. ಪಿಂಗಾಣಿಯದೇನೂ ಕೈಗೆಟುಕದ ಬೆಲೆಯದಲ್ಲ. ಆದರೆ ಬಲ್ಬೊಂದನ್ನು ಬಿಟ್ಟು ಬೇರೇನೂ ಕೊಳ್ಳದೆ ಮುಗಿಸಿದೆ ಅಂತ ಹೇಳಿಕೊಳ್ಳಬೇಕಿತ್ತು ನನಗೆ. ಅಷ್ಟಕ್ಕೆ — ಬರೀ ಅಷ್ಟಕ್ಕೆ. ಕಾರ್ಖಾನೆಯಲ್ಲಿ ಹೊಸದಾಗಿ ಸೇರಿದ ಹುಡುಗರಿಗೆ ವೈರು, ಬಿಸಿ, ಪ್ಲಾಸ್ಟಿಕ್ ಬಗ್ಗೆ ಗದರಿ ಪಾಠ ಹೇಳಿದವನು ನಾನು.

ಪೆಟ್ಟಿಗೆಯನ್ನು ಅಮ್ಮೀ ಕೋಣೆಯಲ್ಲೇ ಇಟ್ಟೆವು, ಮಂಚದ ಪಕ್ಕ, ಕಿಟಕಿಯ ಪರದೆಯ ಕೆಳಗೆ. ಮಲಗಿದಲ್ಲಿಂದಲೇ ಅದು ಕಾಣಬೇಕು ಅಂತ ಆಕೆಗೆ ಆಸೆ. ದೀಪ ಹೊತ್ತಿಸಿದಾಗ ಆಯೆಷಾ ಚಪ್ಪಾಳೆ ತಟ್ಟಿದಳು. ಶಾಹೀನ್ ನನಗೆ ಖೀರು ಕೊಟ್ಟಳು.

ಆಮೆ ಮಾತ್ರ ಆ ದೀಪದ ಕಡೆ ಹೋಗಲೇ ಇಲ್ಲ. ಹಗಲೆಲ್ಲ ಎದುರು ಮೂಲೆಯ ಹಲಗೆಗೆ ಉಗುರು ಹಾಕಿ ಕೆರೆಯುತ್ತಿತ್ತು. ಒಂದೇ ಸಮನೆ, ಒಂದೇ ಜಾಗದಲ್ಲಿ. ಕೆಳಗೆ ನನ್ನ ಕೋಣೆಗೂ ಕೇಳಿಸುತ್ತಿತ್ತು ಆ ಸದ್ದು. ಊಟಕ್ಕೆ ಕೂತರೆ ತಲೆಯ ಮೇಲೆ ಕರಕರ ಕರಕರ...

“ಇದಕ್ಕೆ ಈ ಜಾಗ ಹಿಡಿಸ್ತಿಲ್ಲ ನಾಗರಾಜಪ್ಪಾ,” ಅಂದರು ಅಮ್ಮೀ ಒಂದು ದಿನ. “ಏನೋ ಹೆದರಿಕೊಂಡಿದೆ.”

“ಹೊಸ ಜಾಗ ಅಮ್ಮೀ, ಒಗ್ಗಿಕೊಳ್ಳುತ್ತೆ,” ಅಂದೆ.

ಆಮೇಲೆ ಒಂದು ಮಧ್ಯಾಹ್ನ ಶಾಹೀನ್ ಮೆಟ್ಟಿಲಿಳಿದು ಬಂದಳು. “ಅಂಕಲ್, ಅಮ್ಮೀ ರೂಮಲ್ಲಿ ಏನೋ ಸುಟ್ಟ ವಾಸನೆ ಬರ್ತಿದೆ. ಆ ದೀಪಾನೇ ಅನ್ಸುತ್ತೆ. ಒಂದ್ಸಲ ನೋಡ್ತೀರಾ?”

ಹೋಗಿ ನೋಡಿದೆ. ಹೋಲ್ಡರಿನ ಅಂಚು ಕಂದು ಬಣ್ಣಕ್ಕೆ ತಿರುಗಿತ್ತು. ಕ್ಲಿಪ್ ಜಾರಿ ಬಲ್ಬು ಥರ್ಮಾಕೋಲ್ ಕಡೆಗೆ ವಾಲಿತ್ತು. ಅದನ್ನು ನೆಟ್ಟಗೆ ಮಾಡಿ, ಒಂದು ತುಂಡು ವೈರಿನಿಂದ ಬಿಗಿದು ಕಟ್ಟಿದೆ. ಆ ವೈರಿಗೂ ಪ್ಲಾಸ್ಟಿಕ್ಕಿನ ಹೊದಿಕೆ. ಶಾಹೀನ್ ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದಳು.

“ಹೊಸ ಬಲ್ಬು, ಮೊದಮೊದಲು ಹಂಗೇ ವಾಸನೆ ಬರುತ್ತಮ್ಮ. ಏನೂ ಆಗಲ್ಲ,” ಅಂದೆ.

ಅವಳು ನಂಬಿದಳು. ಫಿಟ್ಟರ್ ಹೇಳಿದ ಮೇಲೆ ಯಾರು ನಂಬುವುದಿಲ್ಲ? ಕೆಳಗೆ ಬಂದವನೇ, ಭಾನುವಾರ ಆ ಹೋಲ್ಡರ್ ಬದಲಾಯಿಸಿಬಿಡಬೇಕು ಅಂದುಕೊಂಡೆ. ಇದನ್ನು ನಾನು ಬರೆಯಲೇಬೇಕು. ಬದಲಾಯಿಸಬೇಕು ಅನ್ನಿಸಿತ್ತು ಅಂದರೆ, ಅಪಾಯ ಅಂತ ನನಗೆ ಗೊತ್ತಿತ್ತು.

ಗುರುವಾರ ಸಂಜೆ. ಗುರುವಾರಗಳಲ್ಲಿ ಶಾಹೀನ್ ಮನೆಯೆಲ್ಲ ಲೋಬಾನ್ ಹಾಕುತ್ತಿದ್ದಳು, ನಾವು ಸಾಂಬ್ರಾಣಿ ಅನ್ನುತ್ತೇವಲ್ಲ, ಅದನ್ನೇ. ಕೆಂಡದ ಮೇಲೆ ಉದುರಿಸಿ ಕೋಣೆ ಕೋಣೆಗೂ ಹೊಗೆ ತೋರಿಸುವುದು. ಅಂದೂ ತೋರಿಸಿ ಮುಗಿಸಿ, ಅರಬ್ಬಿ ಪಾಠಕ್ಕೆ ಹೋಗಿದ್ದ ಆಯೆಷಾಳನ್ನು ಕರೆತರಲು ಹೊರಟಳು. ಅಮ್ಮೀ ಎದ್ದು ಬಾಗಿಲು ಹಾಕಿಕೊಳ್ಳಲಾರರು ಅಂತ ಎಂದಿನಂತೆ ಹೊರಗಿನಿಂದ ಚಿಲಕ ಹಾಕಿದಳು. ಅವಳು ಮೆಟ್ಟಿಲಿಳಿದು ಹೋದದ್ದನ್ನು ನಾನು ನನ್ನ ಜಗಲಿಯಿಂದ ನೋಡಿದೆ. “ಬರ್ತೀನಿ ಅಂಕಲ್, ಅಮ್ಮೀ ಒಬ್ರೇ ಇದಾರೆ,” ಅಂದಳು.

ಸ್ವಲ್ಪ ಹೊತ್ತು ಕಳೆದಿರಬಹುದು. ತಲೆಯ ಮೇಲಿನ ಕೆರೆತ ನಿಂತಿದೆ ಅಂತ ಯಾಕೋ ಗಮನಕ್ಕೆ ಬಂತು. ಆಮೇಲೆ ಅಮ್ಮೀ ಕೆಮ್ಮುವುದು ಕೇಳಿಸಿತು. ಅದು ಉಬ್ಬಸದ ಕೆಮ್ಮಿನಂತಿರಲಿಲ್ಲ.

ಓಡಿದೆ. ಚಿಲಕ ತೆಗೆದರೆ ಕರಿ ಹೊಗೆ ಮುಖಕ್ಕೆ ರಾಚಿತು. ಥರ್ಮಾಕೋಲ್ ಉರಿದರೆ ಎಂಥ ಹೊಗೆ ಬರುತ್ತದೆ ಅಂತ ಕಂಡವರಿಗೇ ಗೊತ್ತು. ಗಂಟಲಿಗೆ ಡಾಂಬರು ಸುರಿದ ಹಾಗೆ. ಮೇನ್ ಸ್ವಿಚ್ ಎಳೆದೆ. ಪೆಟ್ಟಿಗೆಯ ಒಂದು ಪಕ್ಕ ಪೂರ್ತಿ ಉರಿಯುತ್ತಿತ್ತು, ಪರದೆ ಹತ್ತಿಕೊಂಡಿತ್ತು, ಹಾಸಿಗೆಯ ಅಂಚಿಗೆ ಬೆಂಕಿ ಬಂದಿತ್ತು. ಅಮ್ಮೀಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಗೆ ಮೆಟ್ಟಿಲ ಮೇಲೆ ಕೂರಿಸಿ, ಬಕೆಟ್ಟಿಗಾಗಿ ಬಚ್ಚಲಿಗೆ ನುಗ್ಗಿದೆ.

ಬಚ್ಚಲಲ್ಲಿ ಲೋಬಾನದ ಪಾತ್ರೆ ಇತ್ತು. ತುಂಬ ನೀರು. ಕೆಂಡಗಳು ಕಪ್ಪಗೆ ಆರಿ ನೀರಿನಲ್ಲಿ ತೇಲುತ್ತಿದ್ದವು.

ಅದನ್ನು ನನ್ನ ಕಣ್ಣಾರೆ ನೋಡಿದೆ. ಅವಳು ಆರಿಸಿಯೇ ಹೋಗಿದ್ದಳು.

ಅಕ್ಕಪಕ್ಕದವರು ಬಂದರು, ಬಕೆಟ್ಟುಗಳು ಕೈಯಿಂದ ಕೈಗೆ ದಾಟಿದವು. ಬೆಂಕಿ ಆರಿದಾಗ ಮನೆಯೆಲ್ಲ ನೀರು, ಬಚ್ಚಲಲ್ಲಿದ್ದ ಪಾತ್ರೆಯೂ ಯಾರದೋ ಕಾಲು ತಾಗಿ ಬೋರಲಾಗಿತ್ತು. ಆಮೇಲೆ ಬಂದವರಿಗೆ ಕಂಡದ್ದು ಒದ್ದೆ ನೆಲದ ಮೇಲೆ ಚೆಲ್ಲಿದ ಇದ್ದಿಲು ಮಾತ್ರ. ಅಮ್ಮೀಯನ್ನು ಆಟೋದಲ್ಲಿ ಆಸ್ಪತ್ರೆಗೆ ಒಯ್ದರು. ಎಲ್ಲರೂ ಕೆಳಗಿಳಿದ ಮೇಲೆ ನಾನು ಮತ್ತೆ ಆ ಕೋಣೆಗೆ ಹೋದೆ. ಹೋಲ್ಡರ್ ಕರಗಿ ಮುದ್ದೆಯಾಗಿ ಮಣ್ಣಿಗೆ ಅಂಟಿತ್ತು, ವೈರಿನ ತಾಮ್ರ ಬತ್ತಲಾಗಿತ್ತು. ಎಲ್ಲಿಂದ ಶುರುವಾಯಿತು ಅಂತ ಯಾರೂ ನನಗೆ ಹೇಳಬೇಕಾಗಿರಲಿಲ್ಲ. ಅದನ್ನು ಕಿತ್ತು ಚೀಲಕ್ಕೆ ಹಾಕಿಕೊಂಡೆ. ಆಮೆ ತಣ್ಣನೆಯ ತುದಿಯಲ್ಲಿ ಮಣ್ಣು ಅಗೆದು ಒಳಗೆ ಹೂತುಕೊಂಡಿತ್ತು. ಜೀವ ಇತ್ತು. ಟವೆಲಿನಲ್ಲಿ ಸುತ್ತಿದೆ.

ಅಷ್ಟರಲ್ಲಿ ಇಮ್ರಾನ್ ಅಂಗಡಿಯಿಂದ ಓಡಿಬಂದ. ನನ್ನ ಬಾಯಲ್ಲಿ ಏನು ಬಂತು ಗೊತ್ತೇ? “ಪೊಲೀಸ್ನೋರು ಗಿಲೀಸ್ನೋರು ಬಂದ್ರೆ ಆಮೆ ವಿಷ್ಯ ಗೊತ್ತಾಗ್ಬಾರ್ದು. ಪೆಟ್ಟಿಗೆ, ದೀಪ ಎಲ್ಲಾ ನಾನು ತೆಗೆದುಬಿಡ್ತೀನಿ. ನೀನು ಅಮ್ಮೀನ ನೋಡ್ಕೊ ಹೋಗು.”

ಅವನು ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡ. ನನ್ನ ತಪ್ಪಿನ ಗುರುತನ್ನು ನಾನು ಅಳಿಸುತ್ತಿದ್ದೆ; ಅವನು ಅದನ್ನು ಉಪಕಾರ ಅಂದುಕೊಂಡ.

ಮರುದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ಇಮ್ರಾನನ ಅಣ್ಣ ರಫೀಕ್ ಇದ್ದ. ಫ್ರೇಜರ್ ಟೌನಿನಲ್ಲಿ ಅವನ ಮನೆ, ಕುಟುಂಬದಲ್ಲಿ ಅವನ ಮಾತೇ ನಡೆಯುವುದು. ಲೋಬಾನದ ಕೆಂಡ ಹಾರಿ ಪರದೆಗೆ ಬಿದ್ದಿದೆ, ಅದನ್ನು ನೋಡದೆ ಬಾಗಿಲಿಗೆ ಚಿಲಕ ಹಾಕಿ ಹೋಗಿದ್ದಾಳೆ ಅಂತ ಅವನು ಆಗಲೇ ತೀರ್ಮಾನ ಮಾಡಿಯಾಗಿತ್ತು. ಶಾಹೀನ್ ಗೋಡೆಗೆ ಒರಗಿ ನಿಂತಿದ್ದಳು. ನನ್ನನ್ನು ಕಂಡದ್ದೇ ಹತ್ತಿರ ಬಂದಳು. ಎಲ್ಲರ ಎದುರಿಗೇ ಕೇಳಿದಳು:

“ಅಂಕಲ್, ಮೊದಲು ಒಳಗೆ ಹೋದೋರು ನೀವು. ನಾನು ಲೋಬಾನ್‌ಗೆ ನೀರು ಹಾಕಿದ್ದೆ, ನನಗೆ ಚೆನ್ನಾಗಿ ನೆನಪಿದೆ. ನೀವು ನೋಡಿದ್ರಾ? ಅವತ್ತು ವಾಸನೆ ಬಂತಲ್ಲ... ಆ ದೀಪ ಏನಾದ್ರೂ...?”

ರಫೀಕ್ ನನ್ನ ಕಡೆ ನೋಡಿದ. ಇಮ್ರಾನ್ ನೋಡಿದ. ಹೇಳಬಹುದಿತ್ತು. ನಾಲಿಗೆಯ ತುದಿಯಲ್ಲೇ —

“ದೀಪದಿಂದ ಅಲ್ಲಮ್ಮ, ಅದು ಸರಿಯಾಗೇ ಇತ್ತು,” ಅಂದೆ. “ಲೋಬಾನ್... ಇರ್ಬಹುದು.”

ಇರ್ಬಹುದು. ಅಷ್ಟೇ ಆಡಿದ್ದು. ಅವಳ ಮುಖದಲ್ಲಿ ಏನೋ ಕುಸಿದದ್ದು ನನಗೆ ಕಂಡಿತು. ತನ್ನ ನೆನಪಿನ ಮೇಲಿದ್ದ ನಂಬಿಕೆಯನ್ನು ಅವಳು ನನ್ನ ಮಾತಿಗೆ ಬಿಟ್ಟುಕೊಟ್ಟ ಗಳಿಗೆ ಅದು.

ಅಮ್ಮೀಗೆ ಸುಟ್ಟ ಗಾಯ ಹೆಚ್ಚಿರಲಿಲ್ಲ. ಹೊಗೆ ಶ್ವಾಸಕೋಶ ಹಿಡಿದಿತ್ತು. ನಾನು ನೋಡಲು ಹೋದಾಗ ಆಕೆ ಆಕ್ಸಿಜನ್ ಮಾಸ್ಕಿನೊಳಗಿಂದ “ಬತ್ತಿ... ಬತ್ತಿ...” ಅನ್ನುತ್ತಿದ್ದರು. ಅವರ ಮನೆಮಾತಿನಲ್ಲಿ ಬತ್ತಿ ಅಂದರೆ ದೀಪ. ಕೋಣೆ ಕತ್ತಲಾಗಿದೆ ಅನ್ನುತ್ತಿದ್ದಾರೆ ಅಂದುಕೊಂಡು ರಫೀಕ್ ಎದ್ದು ಟ್ಯೂಬ್‌ಲೈಟ್ ಹಾಕಿದ. ಅಮ್ಮೀ ನನ್ನನ್ನು ನೋಡಿದರು. ನಾನು ಕಣ್ಣು ತಪ್ಪಿಸಿದೆ. ಆ ವಾರವೇ ಹೋಗಿಬಿಟ್ಟರು.

ಜನಾಜಾದಲ್ಲಿ ಶವಕ್ಕೆ ಹೆಗಲು ಕೊಟ್ಟೆ. ಅಮ್ಮೀಯನ್ನು ಬೆಂಕಿಯಿಂದ ಎತ್ತಿ ತಂದವರು ಅಂತ ಜನ ನನಗೆ ಗೌರವದಿಂದ ದಾರಿ ಬಿಟ್ಟರು. ಆಮೆಯನ್ನು ರಸ್ತೆಯಲ್ಲಿ ಸಿಕ್ಕಿತು ಅಂತ ಸುಳ್ಳು ಹೇಳಿ ಊರಾಚೆಯ ಪ್ರಾಣಿ ರಕ್ಷಣಾ ಕೇಂದ್ರಕ್ಕೆ ಕೊಟ್ಟೆ. ಇಮ್ರಾನನ ಸಂಸಾರ ಸ್ವಲ್ಪ ದಿನಕ್ಕೆ ಮನೆ ಖಾಲಿ ಮಾಡಿ ಕೆ.ಆರ್. ಪುರಕ್ಕೆ ಹೋಯಿತು. ಹೋಗುವಾಗ ಶಾಹೀನ್ ನನಗೆ, “ನನ್ನಿಂದ ನಿಮ್ಮ ಮನೆ ಹಾಳಾಯ್ತು ಅಂಕಲ್, ಮಾಫ್ ಮಾಡಿ,” ಅಂದಳು. ನಾನು — ಇದನ್ನು ಹೇಗೆ ಬರೆಯಲಿ — “ಇರ್ಲಿ ಬಿಡಮ್ಮ,” ಅಂದೆ.

ವರ್ಷಗಳು ಕಳೆದವು. ಮೇಲಿನ ಮನೆಗೆ ಸುಣ್ಣಬಣ್ಣ ಮಾಡಿಸಿದೆ, ಬೇರೆಯವರು ಬಂದರು. ಮರೆತಿದ್ದೆ ಅಂತ ಹೇಳಲಾರೆ. ಊಟಕ್ಕೆ ಕೂತಾಗ ಈಗಲೂ ಒಮ್ಮೊಮ್ಮೆ ತಲೆಯೆತ್ತಿ ಛಾವಣಿ ನೋಡುತ್ತೇನೆ.

ಹೋದ ವರ್ಷ ನೆಂಟರೊಬ್ಬರನ್ನು ನೋಡಲು ಕೆ.ಆರ್. ಪುರಕ್ಕೆ ಹೋಗಿದ್ದಾಗ ಸಂತೆಯ ಹತ್ತಿರ ಯಾರೋ “ಅಂಕಲ್!” ಅಂದರು. ಶಾಹೀನ್. ಕೂದಲು ನೆರೆತಿತ್ತು. ಬಿಡದೆ ಮನೆಗೆ ಕರೆದುಕೊಂಡು ಹೋದಳು. ಆಯೆಷಾ ಎತ್ತರಕ್ಕೆ ಬೆಳೆದಿದ್ದಾಳೆ, ಕಾಲೇಜಿಗೆ ಸೇರುವ ವಯಸ್ಸು ಹತ್ತಿರವಾಗಿದೆ. ಚಹಾಕ್ಕೆ ಒಲೆ ಹೊತ್ತಿಸಿದವಳು ಅವಳೇ. ಶಾಹೀನ್ ಅಡುಗೆಮನೆಯ ಹೊಸ್ತಿಲಲ್ಲೇ ನಿಂತಿದ್ದಳು.

“ಅಮ್ಮ ಬೆಂಕಿ ಮುಟ್ಟಲ್ಲ ಅಂಕಲ್,” ಅಂದಳು ಆಯೆಷಾ, ಸಹಜವಾಗಿ. “ದೊಡ್ಡಪ್ಪನ ಮನೇಲಂತೂ ಅಡುಗೆಮನೆ ಒಳಗೇ ಬಿಡಲ್ಲ. ಅಜ್ಜಿ ವಿಷ್ಯ ಆದ್ಮೇಲೆ...”

“ನಾನೇ ಮಾಡಿದ್ದಲ್ವಾ,” ಅಂದಳು ಶಾಹೀನ್. ದನಿಯಲ್ಲಿ ಅಳುವಿರಲಿಲ್ಲ. ನಿತ್ಯ ಹೇಳಿ ಹೇಳಿ ಸವೆದುಹೋದ ಮಾತಿನ ಹಾಗಿತ್ತು. “ನೀರು ಹಾಕಿದ್ದೆ ಅಂತ ಎಷ್ಟೋ ದಿನ ಅನ್ಕೊಂಡಿದ್ದೆ ಅಂಕಲ್. ಆಮೇಲೆ ಅದು ಹಿಂದಿನ ವಾರದ ನೆನಪಿರ್ಬೇಕು ಅನ್ನಿಸ್ತು.”

ಆ ದಿನವೂ ಹೇಳಲಿಲ್ಲ. ಚಹಾ ಕುಡಿದು ಬಂದೆ. ಎರಡು ದಿನ ಬಿಟ್ಟು ಮತ್ತೆ ಹೋದೆ.

ಅವಳೊಬ್ಬಳೇ ಇದ್ದಳು. ಎಲ್ಲವನ್ನೂ ಹೇಳಿದೆ: ಪ್ಲಾಸ್ಟಿಕ್ ಹೋಲ್ಡರ್, ಥರ್ಮಾಕೋಲ್, ಬಚ್ಚಲಲ್ಲಿ ನೀರು ತುಂಬಿದ ಪಾತ್ರೆ, ಚೀಲಕ್ಕೆ ಹಾಕಿಕೊಂಡ ದೀಪ. ಅವಳು ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು.

“ಹಂಗಾದ್ರೆ ನಾನು ನೀರು ಹಾಕಿದ್ದೆ,” ಅಂದಳು.

“ಹಾಕಿದ್ದೆ ಕಣಮ್ಮ.”

“ನನ್ನ ಮಗಳು ಚಿಕ್ಕವಳಿದ್ದಾಗ ನನ್ನ ಪಕ್ಕ ಮಲಗೋಕೆ ಹೆದರ್ತಿದ್ಲು, ಅಂಕಲ್. ಗೊತ್ತಾ ನಿಮಗೆ?”

“ಇಲ್ಲಮ್ಮ,” ಅಂದೆ.

“ನನಗೊಬ್ಬಳಿಗೆ ಹೇಳಿ ನೀವು ಹಗುರ ಆಗ್ಬೇಡಿ,” ಅಂದಳು ಎದ್ದು ನಿಂತು. “ಅವತ್ತು ಎಲ್ಲರ ಮುಂದೆ ಕೇಳಿದ್ದೆ. ಎಲ್ಲರ ಮುಂದೆ ಹೇಳಿ.”

ಶುಕ್ರವಾರ ನಮಾಜ್ ಮುಗಿದ ಮೇಲೆ ರಫೀಕನ ಮನೆಯಲ್ಲಿ ಎಲ್ಲರೂ ಸೇರುತ್ತಾರೆ. ಹೋದೆ. ಅಣ್ಣತಮ್ಮಂದಿರು, ಹೆಂಗಸರು, ಮಕ್ಕಳು ಎಲ್ಲ ಇದ್ದರು. ಕೂರಿ ಅಂದರು, ಕೂರಲಿಲ್ಲ. ನಿಂತೇ ಹೇಳಿದೆ, ಯಾವುದನ್ನೂ ಬಿಡಲಿಲ್ಲ. ಹೊರಗೆ ಹಾಕುತ್ತಾರೆ, ಹೊಡೆಯಬಹುದು ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ, ಹೊಡೆಯಲಿ ಅಂತ ಬಯಸಿದ್ದೆ.

ಇಮ್ರಾನ್ ತಲೆ ತಗ್ಗಿಸಿದ. ರಫೀಕ್ ಗಡ್ಡ ನೀವಿಕೊಂಡ.

“ಎಲ್ಲಾ ಮೇಲಿನೋನು ಬರೆದಿದ್ದು ಅಂಕಲ್. ನೀವು ಬೇಕೂಂತ ಮಾಡಿದ್ದಲ್ವಲ್ಲ. ಅವತ್ತು ನೀವಿಲ್ದೆ ಇದ್ರೆ ಅಮ್ಮೀನ ಯಾರು ಹೊರಗೆ ತರ್ತಿದ್ರು? ಹಳೇ ಮಾತು, ಹೋಗ್ಲಿ ಬಿಡಿ. ಕೂತ್ಕೊಳಿ, ಚಾ ತಗೊಳಿ.”

ಇಷ್ಟೇ. ಇಷ್ಟು ಬೇಗ. ಇಷ್ಟು ವರ್ಷ ಅವಳನ್ನು ಒಲೆಯ ಹತ್ತಿರ ಬಿಡದವರು, ನನ್ನನ್ನು ಒಂದು ಲೋಟ ಚಹಾ ಬರುವುದರೊಳಗೆ ಕ್ಷಮಿಸಿಬಿಟ್ಟರು.

“ನನಗೆ ಹೇಳ್ಬೇಡಿ,” ಅಂದೆ. “ಅವಳಿಗೆ ಹೇಳಿ.”

“ಅವಳಿಗೇನು? ಕೇಳಿಸ್ಕೊಂಡ್ಳಲ್ಲ,” ಅಂದ ರಫೀಕ್.

ಶಾಹೀನ್ ಹೆಂಗಸರ ಮಧ್ಯೆ ನಿಂತಿದ್ದಳು. ಯಾರೂ ಅವಳ ಕಡೆ ತಿರುಗಲಿಲ್ಲ. ಆಯೆಷಾ ಒಬ್ಬಳು ಎದ್ದು ಹೋಗಿ ಅಮ್ಮನ ಭುಜಕ್ಕೆ ಮುಖ ಒತ್ತಿ ಬಿಕ್ಕಿದಳು. ಶಾಹೀನ್ ಮಗಳ ತಲೆ ಸವರುತ್ತಾ ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಕರುಣೆಯೂ ಇರಲಿಲ್ಲ.

“ಹೇಳಿದ್ರಿ,” ಅಂದಳು. ಮಗಳ ಕೈ ಹಿಡಿದು, ಚಪ್ಪಲಿ ಮೆಟ್ಟಿ, ಮೆಟ್ಟಿಲಿಳಿದು ಹೋದಳು.

ಆ ಮನೆಯವರ ಕ್ಷಮೆಯನ್ನು ನಾನು ತೆಗೆದುಕೊಂಡಿಲ್ಲ. ಅದು ಅವರು ಕೊಡಬಹುದಾದದ್ದಲ್ಲ. ಕೊಡಬಹುದಾದವಳು ಕೊಟ್ಟಿಲ್ಲ, ನಾನು ಕೇಳುವುದೂ ಇಲ್ಲ. ಲೋಬಾನದ ಮಾತನ್ನು ನಂಬಿದವರು ನಮ್ಮ ಬೀದಿಯಲ್ಲಿ ಇನ್ನೂ ಇದ್ದಾರೆ. ಒಂದೊಂದೇ ಮನೆಯ ಬಾಗಿಲು ತಟ್ಟುತ್ತಿದ್ದೇನೆ.